ಹುಳಿ ಮಣ್ಣಿಗೆ ಕಿರುಕಣದ ಮದ್ದು

ಮಲೆನಾಡು, ಕರಾವಳಿಯ ಕೆಂಪು ಮಣ್ಣಿನಲ್ಲಿ ಬೆಳೆಯ ಬೇರು ಮೊಂಡಾಗುವುದು ಬರೀ ಹುಳಿಯಿಂದಲ್ಲ, ಹುಳಿ ಎಬ್ಬಿಸಿಬಿಟ್ಟ ಅಲ್ಯೂಮಿನಿಯಂನಿಂದ. ಅದನ್ನು ಕಟ್ಟಿಹಾಕಲು ನ್ಯಾನೊ ಕಣಗಳು ಸಜ್ಜಾಗುತ್ತಿವೆ. ಹಾಗಾದರೆ ಸುಣ್ಣದ ಚೀಲದ ಕಾಲ ಮುಗಿಯಿತೇ? ಲೆಕ್ಕ ಹಾಕಿ ನೋಡೋಣ.

ಮೊದಲ ಅಡ್ಡಮಳೆ ಬಿದ್ದ ಮರುದಿನ ಮಲೆನಾಡಿನ ಯಾವುದೇ ಪೇಟೆಯ ಗೊಬ್ಬರದ ಅಂಗಡಿ ಮುಂದೆ ಅರ್ಧ ಗಂಟೆ ನಿಂತು ನೋಡಿ. ಪಿಕಪ್ ಗಾಡಿಗಳು ಹಿಂದೆ ಮುಂದೆ ಸರಿಯುತ್ತಿರುತ್ತವೆ. ಹಮಾಲಿ ಸುಣ್ಣದ ಚೀಲ ತಂದು ಧೊಪ್ಪೆಂದು ಎಸೆದರೆ ಬಿಳಿ ದೂಳೆದ್ದು ಸುತ್ತಲಿದ್ದವರೆಲ್ಲ ಮೂಗಿಗೆ ಟವೆಲ್ ಹಿಡಿಯುತ್ತಾರೆ. ಒಳಗೆ ಕೌಂಟರಿನ ಮೇಲೆ, ಮೈಲುತುತ್ತದ ಪೊಟ್ಟಣಗಳ ಪಕ್ಕ, ಪ್ಲಾಸ್ಟಿಕ್ ಬಾಟಲಿಗಳ ಸಾಲು. ಅವುಗಳ ಮೈಮೇಲೆ ‘ನ್ಯಾನೊ’ ಎಂಬ ದಪ್ಪಕ್ಷರ.

“ಗೌಡ್ರೆ, ಚೀಲ ಹೊರೋ ಕಾಲ ಹೋಯ್ತು. ಅರ್ಧ ಲೀಟರ್ ಬಾಟ್ಲಿ, ಜೋಬಲ್ಲಿ ಹಾಕ್ಕಂಡು ಹೋಗಿ.”

“ಅದು ಯೂರಿಯಾದ್ದಲ್ವನಾ ಮಾರಾಯ? ಸುಣ್ಣದ್ದೂ ಬಂತಾ?”

“ಇವತ್ತಿಲ್ದಿದ್ರೆ ನಾಳೆ ಬರತ್ತೆ ಬಿಡಿ.”

ಅಂಗಡಿಯವರದ್ದು ಪೂರಾ ಗಾಳಿಮಾತಲ್ಲ. ಹುಳಿ ಮಣ್ಣಿನಲ್ಲಿ ಬೆಳೆ ಎಬ್ಬಿಸಲು ನ್ಯಾನೊ ಸಿಲಿಕಾ, ನ್ಯಾನೊ ರಂಜಕ, ನ್ಯಾನೊ ಸತುಗಳನ್ನು ಪ್ರಪಂಚದ ಹಲವು ಪ್ರಯೋಗಾಲಯಗಳು ಒರೆಗೆ ಹಚ್ಚುತ್ತಿವೆ. ಕೆಲವು ಫಲಿತಾಂಶಗಳು ಹುಬ್ಬೇರಿಸುವಂತಿವೆ. ಆದರೆ ಗೌಡರ ಪ್ರಶ್ನೆ ಅದಲ್ಲ. ಅವರಿಗೆ ಬೇಕಿರುವುದು ಸುಣ್ಣದ ಕೆಲಸ ಮಾಡುವ ಬಾಟಲಿ. ಅದು ಬರುತ್ತದೆಯೇ?

ಮಳೆ ತೊಳೆದ ನೆಲ

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ನೀರು ಲಕ್ಷಾಂತರ ವರ್ಷ ಇಳಿದ ಮೇಲೆ ಮಣ್ಣಿನಲ್ಲಿ ಏನು ಉಳಿದೀತು? ನೀರಿಗೆ ಸುಲಭವಾಗಿ ಕರಗುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶ್ ಎಲ್ಲ ಹೊಳೆ ಹಿಡಿದು ಕಡಲು ಸೇರಿವೆ. ಕರಗದೆ ಕೂತವು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಣ್ಣಿಗೆ ಆ ಕೆಂಪು ಬಂದದ್ದು ಕಬ್ಬಿಣದಿಂದ.

ಈ ಮಣ್ಣು ಗಟ್ಟಿಯಾದರೆ ಜಂಬಿಟ್ಟಿಗೆ. ದಕ್ಷಿಣ ಕನ್ನಡದವರಿಗೆ ಮುರಕಲ್ಲು, ಉತ್ತರ ಕನ್ನಡದವರಿಗೆ ಚಿರೆಕಲ್ಲು. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಬೆಳೆ ಬದುಕು ನೋಡಿ ಬರಲು ಕಳಿಸಿತು. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು ಅವನು ಬೆರಗಾದ. ನೆಲದೊಳಗಿದ್ದಾಗ ಕಬ್ಬಿಣದ ಹತಾರದಿಂದ ಕಡಿಯಬಹುದಾದಷ್ಟು ಮೆತ್ತಗಿರುವುದು, ಗಾಳಿ ಬಿಸಿಲಿಗೆ ಬಿದ್ದರೆ ಕಲ್ಲಾಗುತ್ತಿತ್ತು. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಅವನು ಅದಕ್ಕಿಟ್ಟ ‘ಲ್ಯಾಟರೈಟ್’ ಎಂಬ ಹೆಸರನ್ನೇ ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುತ್ತಾರೆ.

ಮನೆ ಕಟ್ಟಲು ಇಷ್ಟು ಒಳ್ಳೆಯ ಕಲ್ಲು ಕೊಡುವ ನೆಲ ಬೆಳೆಗೆ ಮಾತ್ರ ಜಿಪುಣ. ಭಾರತದಲ್ಲಿ ಹುಳಿ ಮಣ್ಣಿನ ವಿಸ್ತಾರ ಸುಮಾರು 4.9 ಕೋಟಿ ಹೆಕ್ಟೇರ್ ಎಂದು ಅಂದಾಜು. ಜಗತ್ತಿನ ಹಿಮರಹಿತ ನೆಲದಲ್ಲಿ ಮೂರರಲ್ಲೊಂದು ಪಾಲಿನಷ್ಟು ಹೀಗೇ ಇದೆ. ನಮ್ಮಲ್ಲಿ ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದ ಮಲೆನಾಡು ಭಾಗ ಮತ್ತು ಮೂರೂ ಕರಾವಳಿ ಜಿಲ್ಲೆಗಳು ಈ ಪಟ್ಟಿಯಲ್ಲಿವೆ.

ಮಳೆ ಅರ್ಧ ಕೆಲಸ ಮಾಡಿದರೆ ಉಳಿದರ್ಧ ನಾವೇ ಮಾಡುತ್ತಿದ್ದೇವೆ. ಯೂರಿಯಾ, ಅಮೋನಿಯಂ ಸಲ್ಫೇಟ್‌ಗಳನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ. 1980ರ ದಶಕದಿಂದ 2000ದ ದಶಕದೊಳಗೆ ಚೀನಾದ ಪ್ರಮುಖ ಬೆಳೆ ಪ್ರದೇಶಗಳ ಮಣ್ಣಿನ ರಸಸಾರ ಸರಾಸರಿ ಅರ್ಧ ಅಂಕ ಕುಸಿದಿದೆ ಎಂದು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. ಅಲ್ಲಿನ ವಿಜ್ಞಾನಿಗಳು ಮುಖ್ಯವಾಗಿ ಬೊಟ್ಟು ಮಾಡಿದ್ದು ಸಾರಜನಕ ಗೊಬ್ಬರದ ಕಡೆಗೆ.

[ಬಾಕ್ಸ್] ಕತ್ತಿ ಅದ್ದಿ ನೋಡುವ ರಸಸಾರ

ಹುಳಿ, ಕ್ಷಾರಗಳ ಅಳತೆಗೋಲಾದ ರಸಸಾರ, ಅಂದರೆ ಪಿಎಚ್, ಹುಟ್ಟಿದ್ದು ಬಿಯರ್ ಕಂಪನಿಯಲ್ಲಿ. 1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್ ಸೋರೆನ್ಸನ್ ಇದನ್ನು ರೂಪಿಸಿದರು. 7 ತಟಸ್ಥ, ಅದಕ್ಕಿಂತ ಕೆಳಗೆ ಹುಳಿ. ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. 6.5ರ ಮಣ್ಣಿಗಿಂತ 4.5ರ ಮಣ್ಣು ನೂರು ಪಟ್ಟು ಹುಳಿ.

ಅಡಿಕೆ ಬೆಳೆಗಾರರಿಗೆ ಈ ಪರೀಕ್ಷೆ ಹೊಸದಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ದ್ರಾವಣ ಇನ್ನೂ ಹುಳಿಯಿದೆ, ಸುಣ್ಣದ ತಿಳಿ ಇನ್ನಷ್ಟು ಬೀಳಬೇಕು ಎಂದರ್ಥ.

ಬೇರಿನ ತುದಿಗೆ ಬಿದ್ದ ಪೆಟ್ಟು

ಒಂದೇ ಹುಳಿ ಮಣ್ಣಿನಲ್ಲಿ ರೈ ಧಾನ್ಯ ಹೇಗೋ ಬೆಳೆಯುತ್ತದೆ, ಬಾರ್ಲಿ ಸೊರಗುತ್ತದೆ. ಯಾಕೆ? ಅಮೆರಿಕದ ರೋಡ್ ಐಲೆಂಡಿನ ಹಾರ್ಟ್‌ವೆಲ್ ಮತ್ತು ಪೆಂಬರ್ ಎಂಬ ಇಬ್ಬರು ಇದರ ಬೆನ್ನು ಹತ್ತಿ 1918ರಲ್ಲಿ ಉತ್ತರ ಹೇಳಿದರು. ವ್ಯತ್ಯಾಸಕ್ಕೆ ಕಾರಣ ಹುಳಿಗಿಂತ ಹೆಚ್ಚಾಗಿ ಮಣ್ಣಿನಲ್ಲಿ ಕರಗಿದ ಅಲ್ಯೂಮಿನಿಯಂ.

ಭೂಮಿಯ ಹೊರಪದರದಲ್ಲಿ ಅಲ್ಯೂಮಿನಿಯಂನಷ್ಟು ಯಥೇಚ್ಛವಾಗಿರುವ ಲೋಹ ಮತ್ತೊಂದಿಲ್ಲ. ತೂಕದಲ್ಲಿ ಶೇ 8ರಷ್ಟು ಅದೇ. ಸಾಮಾನ್ಯವಾಗಿ ಜೇಡಿಯ ಕಣಗಳೊಳಗೆ ಬಂದಿಯಾಗಿ ತೆಪ್ಪಗಿರುತ್ತದೆ. ರಸಸಾರ 5.5ಕ್ಕಿಂತ ಕೆಳಗಿಳಿದರೆ ಕರಗತೊಡಗುತ್ತದೆ, 5ರ ಕೆಳಗೆ ಹಾವಳಿ ಜೋರು. ಮೂರು ಧನ ವಿದ್ಯುದಂಶ ಹೊತ್ತ ಆ ಅಯಾನು ಬೇರಿನ ತುದಿಯ ಕೆಲವೇ ಮಿಲಿಮೀಟರ್ ಜಾಗಕ್ಕೆ ಅಂಟಿಕೊಳ್ಳುತ್ತದೆ. ಬೇರು ಉದ್ದವಾಗುವುದು ಅದೇ ಜಾಗದಲ್ಲಿ. ಕೆಲವೇ ಗಂಟೆಗಳಲ್ಲಿ ಬೆಳವಣಿಗೆ ಕುಂಟುತ್ತದೆ, ದಿನ ಕಳೆದಂತೆ ತುದಿ ಮೊಂಡಾಗಿ ದಪ್ಪಗಾಗುತ್ತದೆ, ಕವಲೊಡೆಯುವುದಿಲ್ಲ.

ಅಡಿಕೆ ತೋಟದಲ್ಲಿ ಇದು ಕಣ್ಣಿಗೆ ಬೀಳುವುದು ಬೇಸಿಗೆಯಲ್ಲಿ. ಮೇಲ್ಪದರದ ತೇವ ಆರುತ್ತಲೇ ಸೋಗೆ ಜೋತುಬೀಳುತ್ತದೆ, ಒಂದೆರಡು ಅಡಿ ಕೆಳಗೆ ಪಸೆ ಇದ್ದರೂ ಬೇರು ಅಲ್ಲಿಗೆ ಇಳಿದಿರುವುದಿಲ್ಲ. ನಾವು ನೀರಿನ ಕೊರತೆ ಎಂದು ಬೋರ್‌ವೆಲ್ ಕೊರೆಸಲು ಹೊರಡುತ್ತೇವೆ.

ಎರಡನೆಯ ಪೆಟ್ಟು ರಂಜಕಕ್ಕೆ. ಸೂಪರ್ ಫಾಸ್ಫೇಟ್ ಹಾಕಿದರೆ ಅದರ ಬಹುಪಾಲನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗಳೇ ಹಿಡಿದಿಟ್ಟುಕೊಳ್ಳುತ್ತವೆ. ದುಡ್ಡು ಕೊಟ್ಟು ತಂದ ಗೊಬ್ಬರ ಬೇರಿನಿಂದ ಬೆರಳಳತೆ ದೂರದಲ್ಲಿದ್ದರೂ ಗಿಡಕ್ಕೆ ದಕ್ಕುವುದಿಲ್ಲ.

ಎಲ್ಲ ಗಿಡಗಳೂ ಇದಕ್ಕೆ ಸೋಲುವುದಿಲ್ಲ. ಭತ್ತ ಏಕದಳ ಧಾನ್ಯಗಳಲ್ಲೇ ಗಟ್ಟಿಗ. ಚಹಾ ಗಿಡವಂತೂ ಎಲೆಯಲ್ಲಿ ಅಲ್ಯೂಮಿನಿಯಂ ತುಂಬಿಕೊಂಡೂ ಸೊಂಪಾಗಿರುತ್ತದೆ. ಕೆಲವು ಗೋಧಿ ತಳಿಗಳು ಬೇರಿನ ತುದಿಯಿಂದ ಮ್ಯಾಲೇಟ್ ಎಂಬ ಸಾವಯವ ಆಮ್ಲ ಸುರಿಸಿ ಅಲ್ಯೂಮಿನಿಯಂ ಅನ್ನು ಹೊರಗೇ ಕಟ್ಟಿಹಾಕುತ್ತವೆ. ಆ ಕೆಲಸ ಮಾಡಿಸುವ ವಂಶವಾಹಿಯನ್ನು ಜಪಾನ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ಜೊತೆಗೂಡಿ 2004ರಲ್ಲಿ ಪತ್ತೆ ಮಾಡಿದರು. ಹುಳಿಯನ್ನು ಹುಳಿಯಿಂದಲೇ ಮಣಿಸುವ ಈ ಉಪಾಯ ಗಿಡದ್ದೇ ಆವಿಷ್ಕಾರ.

ಸಕ್ಕರೆ ಅಚ್ಚಿನೊಳಗೆ ಒಂದೂವರೆ ಎಕರೆ

ಈಗ ನ್ಯಾನೊಗೆ ಬರೋಣ. ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗ ಒಂದು ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳಿಗೆ ಈ ಹೆಸರು. ನಮ್ಮ ತಲೆಗೂದಲಿನ ದಪ್ಪವೇ ಅಂದಾಜು 80 ಸಾವಿರ ನ್ಯಾನೊಮೀಟರ್.

ಗಾತ್ರ ಕುಗ್ಗಿದರೆ ಆಗುವ ಲಾಭ ಮೇಲ್ಮೈಯಲ್ಲಿದೆ. ಒಂದು ಸೆಂಟಿಮೀಟರ್ ಘನಾಕೃತಿಯ ಸಕ್ಕರೆ ಅಚ್ಚಿಗೆ ಆರು ಮುಖ, ಒಟ್ಟು ಮೇಲ್ಮೈ ಆರು ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೊಮೀಟರಿನ ತುಣುಕುಗಳಾಗಿ ಕತ್ತರಿಸಿದರೆ ಎಲ್ಲ ತುಣುಕುಗಳ ಮೇಲ್ಮೈ ಸೇರಿ ಆರು ಸಾವಿರ ಚದರ ಮೀಟರ್. ಸುಮಾರು ಒಂದೂವರೆ ಎಕರೆ! ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲಿ. ಹಾಗಾಗಿ ಕರಗದೆ ಹಟ ಹಿಡಿಯುವ ವಸ್ತುಗಳೂ ನ್ಯಾನೊ ಆದಾಗ ಚುರುಕಾಗುತ್ತವೆ.

ಅಂದಹಾಗೆ, ನಮ್ಮ ಕೆಂಪು ಮಣ್ಣಿಗೆ ನ್ಯಾನೊ ಹೊಸ ನೆಂಟನೇನಲ್ಲ. ಅದರ ಬಣ್ಣಕ್ಕೆ ಕಾರಣವಾದ ಕಬ್ಬಿಣದ ಆಕ್ಸೈಡ್ ಹರಳುಗಳೇ ಬಹುಮಟ್ಟಿಗೆ ಹತ್ತಾರು ನ್ಯಾನೊಮೀಟರ್ ಗಾತ್ರದವು. ಅವು ರಂಜಕವನ್ನು ಅಷ್ಟು ಬಲವಾಗಿ ಹಿಡಿಯುವುದೂ ಆ ಅಗಾಧ ಮೇಲ್ಮೈಯ ಬಲದಿಂದಲೇ. ಲ್ಯಾಬಿನಲ್ಲಿ ಮಾಡಿದ ನ್ಯಾನೊ ಕಣ ಈ ಮಣ್ಣಿಗೆ ಬಂದಾಗ ಅದರ ಎದುರಿಗಿರುವುದು ಬಹು ಹಿಂದೆಯೇ ಠಿಕಾಣಿ ಹೂಡಿದ ಇನ್ನೊಂದು ನ್ಯಾನೊ ಸೈನ್ಯ. ಮಾರಾಟದ ಕರಪತ್ರಗಳಲ್ಲಿ ಈ ಮಾತು ಕಾಣುವುದಿಲ್ಲ.

ಸಿಲಿಕಾ ಹೂಡಿದ ಬೇಲಿ

ಇದುವರೆಗಿನ ಪ್ರಯೋಗಗಳಲ್ಲಿ ನನಗೆ ಹೆಚ್ಚು ಭರವಸೆಯದ್ದು ಎನಿಸಿದ್ದು ಸಿಲಿಕಾ. ಮರಳಿನಲ್ಲೂ ಭತ್ತದ ಉಮಿಯಲ್ಲೂ ಇರುವುದು ಇದೇ ವಸ್ತು. ಉಮಿ ಸುಟ್ಟ ಬೂದಿಯ ಬಹುಭಾಗ ಸಿಲಿಕಾ.

ಭತ್ತದ ಗಿಡ ಮಣ್ಣಿನಿಂದ ಸಿಲಿಕಾನ್ ಹೀರುವುದರಲ್ಲಿ ನಿಸ್ಸೀಮ. ಅದಕ್ಕೆಂದೇ ಬೇರಿನಲ್ಲಿರುವ ಸಾಗಣೆ ಪ್ರೋಟೀನನ್ನು ಜಪಾನಿನ ಒಕಯಾಮ ವಿಶ್ವವಿದ್ಯಾಲಯದ ಜಿಯಾನ್ ಫೆಂಗ್ ಮಾ ಮತ್ತು ಸಂಗಡಿಗರು 2006ರಲ್ಲಿ ಗುರುತಿಸಿದರು. ಗಿಡದೊಳಗೆ ಸೇರಿದ ಸಿಲಿಕಾನ್ ಕೋಶಗೋಡೆಯನ್ನು ಬಲಪಡಿಸುತ್ತದೆ. ಜೊತೆಗೆ ಅಲ್ಯೂಮಿನಿಯಂನೊಂದಿಗೆ ಕೂಡಿ ಅದನ್ನು ನಿರುಪದ್ರವಿ ಸಂಯುಕ್ತವಾಗಿಸುತ್ತದೆ.

ಹಾಗಾದರೆ ಸಿಲಿಕಾವನ್ನು ನ್ಯಾನೊ ರೂಪದಲ್ಲಿ ಕೊಟ್ಟರೆ? ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಬಾಧೆಗೆ ಸಿಕ್ಕ ಮೆಕ್ಕೆಜೋಳಕ್ಕೆ ನ್ಯಾನೊ ಸಿಲಿಕಾ ಕೊಟ್ಟು ನೋಡಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಸಿಲಿಕಾ ಪಡೆದ ಗಿಡಗಳಿಗೆ ಹಾನಿ ಕಡಿಮೆ, ಬೆಳವಣಿಗೆ ಉತ್ತಮ. ಎಲೆ ಬೇರುಗಳ ಕೋಶಗಳನ್ನು ಒಳಗಿಂದ ಕೆಡಿಸುವ ಆಕ್ಸಿಡೀಕರಣದ ಒತ್ತಡವೂ ತಗ್ಗಿತ್ತು.

ಸಂತೋಷದ ಸುದ್ದಿಯೇ. ಆದರೆ ಒಂದು ಸೂಕ್ಷ್ಮವಿದೆ. ಸಿಲಿಕಾ ಗಿಡಕ್ಕೆ ತಾಳಿಕೆ ಕೊಟ್ಟಿತೇ ಹೊರತು ಮಣ್ಣಿನ ಹುಳಿಯನ್ನು ಹೋಗಲಾಡಿಸಲಿಲ್ಲ. ಮುಂದಿನ ಬೆಳೆಗೆ ಅದೇ ಮಣ್ಣು, ಅದೇ ಅಲ್ಯೂಮಿನಿಯಂ.

ಗೊಬ್ಬರದ ಗಿಡದ ಕಟ್ಟಿಗೆಯೊಳಗೆ ಯೂರಿಯಾ

ಎರಡನೆಯ ಅಭ್ಯರ್ಥಿ ಹೈಡ್ರಾಕ್ಸಿಅಪಟೈಟ್. ಹೆಸರು ಬಾಯಿಗೆ ಕಷ್ಟ, ವಸ್ತು ಪರಿಚಿತ. ನಮ್ಮ ಮೂಳೆ, ಹಲ್ಲುಗಳ ಗಟ್ಟಿತನ ಇದೇ ಕ್ಯಾಲ್ಸಿಯಂ–ರಂಜಕ ಖನಿಜದಿಂದ. ಕಾಫಿ, ಅಡಿಕೆ ತೋಟಗಳಿಗೆ ಹಾಕುವ ರಾಕ್ ಫಾಸ್ಫೇಟ್ ಇದರ ದಾಯಾದಿ. ಹುಳಿ ಮಣ್ಣಿನ ಆಮ್ಲವೇ ಅದನ್ನು ನಿಧಾನಕ್ಕೆ ಕರಗಿಸಿ ರಂಜಕ ಬಿಡಿಸುತ್ತದೆ. ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ ಅದು ಕರಗದೆ ಕಲ್ಲಾಗಿಯೇ ಉಳಿದೀತು.

ಇದನ್ನು ನ್ಯಾನೊ ಗಾತ್ರಕ್ಕೆ ತಂದು ಚಂದದ ಪ್ರಯೋಗ ಮಾಡಿದವರು ನೆರೆಯ ಶ್ರೀಲಂಕಾದವರು. ನಿಲ್ವಲಾ ಕೊಟ್ಟೆಗೊಡ ಮತ್ತು ಸಂಗಡಿಗರು ಹೈಡ್ರಾಕ್ಸಿಅಪಟೈಟ್ ನ್ಯಾನೊ ಕಣಗಳಿಗೆ ಯೂರಿಯಾ ಲೇಪಿಸಿ, ಗ್ಲಿರಿಸಿಡಿಯಾ ಮರದ ಮೆದು ಕಟ್ಟಿಗೆಯ ಸಂದುಗಳಿಗೆ ಒತ್ತಡದಿಂದ ತುಂಬಿದರು. ಹೌದು, ಬೇಲಿಗೆ ನೆಡುವ ನಮ್ಮ ‘ಗೊಬ್ಬರದ ಗಿಡ’ವೇ. ದ್ವೀಪದ ಬೇರೆ ಬೇರೆ ಎತ್ತರಗಳಿಂದ ತಂದ 4.2, 5.2 ಮತ್ತು 7 ರಸಸಾರದ ಮೂರು ಬಗೆಯ ಮಣ್ಣಿನಲ್ಲಿ ಪರೀಕ್ಷಿಸಿದರು. ಮಾಮೂಲಿ ಗೊಬ್ಬರದ ಸಾರಜನಕ ಮೊದಲಿಗೇ ಧಾರಾಳವಾಗಿ ಸೋರಿ ಮೂವತ್ತನೇ ದಿನದ ಹೊತ್ತಿಗೆ ಬಹುತೇಕ ಬರಿದಾಗಿದ್ದರೆ, ಕಟ್ಟಿಗೆಯೊಳಗಿನ ಗೊಬ್ಬರ ಅರವತ್ತನೇ ದಿನವೂ ನಿಧಾನಕ್ಕೆ ಸಾರಜನಕ ಬಿಡುತ್ತಿತ್ತು. 2011ರಲ್ಲಿ ಈ ಪ್ರಬಂಧ ಪ್ರಕಟವಾದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. 2017ರಲ್ಲಿ ಇದೇ ಬಳಗ ಕಟ್ಟಿಗೆ ಬಿಟ್ಟು ಬರೀ ಯೂರಿಯಾ–ಅಪಟೈಟ್ ಮಿಶ್ರಣವನ್ನು ಭತ್ತದ ಗದ್ದೆಗಿಳಿಸಿ, ಅರ್ಧ ಯೂರಿಯಾದಲ್ಲೇ ಇಳುವರಿ ಕಾಯ್ದುಕೊಳ್ಳಬಹುದು ಎಂದು ವರದಿ ಮಾಡಿತು.

ಇತ್ತ ಅಮೆರಿಕದ ಓಹಾಯೊದಲ್ಲಿ ಭಾರತ ಮೂಲದ ಮಣ್ಣು ವಿಜ್ಞಾನಿ ರತ್ತನ್ ಲಾಲ್ (2020ರ ವಿಶ್ವ ಆಹಾರ ಪ್ರಶಸ್ತಿ ಪಡೆದವರು) ಮತ್ತು ರುಯಿಚಿಯಾಂಗ್ ಲಿಯು, ಹಸಿರುಮನೆಯ ಸೋಯಾಬೀನ್‌ಗೆ ನ್ಯಾನೊ ಅಪಟೈಟ್ ಕೊಟ್ಟರು. ಮಾಮೂಲಿ ರಂಜಕ ಗೊಬ್ಬರಕ್ಕಿಂತ ಬೀಜದ ಇಳುವರಿ ಶೇ 20ರಷ್ಟು ಹೆಚ್ಚು ಬಂತು. 2014ರ ಈ ಸುದ್ದಿ ನ್ಯಾನೊ ವಲಯದಲ್ಲಿ ಸಂಚಲನ ಎಬ್ಬಿಸಿತು.

ಮರುವರ್ಷವೇ ಅದಕ್ಕೆ ತಣ್ಣೀರು ಬಿತ್ತು. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದವರು ಇದೇ ನ್ಯಾನೊ ಅಪಟೈಟನ್ನು ರಂಜಕಕ್ಕೆ ಬಾಯಿ ತೆರೆದು ಕೂತ ನಿಜವಾದ ಕೆಂಪು ಮಣ್ಣು ಮತ್ತು ಜ್ವಾಲಾಮುಖಿ ಮಣ್ಣುಗಳಲ್ಲಿ ಗೋಧಿ ಬೆಳೆದು ಪರೀಕ್ಷಿಸಿದರು. ಮಾಮೂಲಿ ಗಾತ್ರದ ಅಪಟೈಟಿಗಿಂತ ನ್ಯಾನೊ ಮೇಲು, ನಿಜ. ಆದರೆ ಅಂಗಡಿಯಲ್ಲಿ ಸಿಗುವ ಟ್ರಿಪಲ್ ಸೂಪರ್ ಫಾಸ್ಫೇಟ್ ಎರಡನ್ನೂ ಹಿಂದೆ ಹಾಕಿತು. ಓಹಾಯೊದ ಕುಂಡದಲ್ಲಿ ಇದ್ದದ್ದು ರಂಜಕವನ್ನು ಕಸಿದುಕೊಳ್ಳದ ಸಾಧು ಮಾಧ್ಯಮ. ನಮ್ಮ ತೋಟದ ಮಣ್ಣು ಅಡಿಲೇಡಿನವರು ಆರಿಸಿಕೊಂಡ ಮಣ್ಣಿನ ಜಾತಿಯದ್ದು.

ಸುಣ್ಣದ ಲೆಕ್ಕ ಬಗ್ಗುವುದಿಲ್ಲ

ಈಗ ಗೌಡರ ಪ್ರಶ್ನೆಗೆ ಬರೋಣ. ಸುಣ್ಣವನ್ನೇ ನ್ಯಾನೊ ಮಾಡಿ ಬಾಟಲಿಗೆ ತುಂಬಬಾರದೇಕೆ?

ತುಂಬಬಹುದು, ತುಂಬಿಯೂ ಇದ್ದಾರೆ. ಇಟಲಿಯ ಫ್ಲಾರೆನ್ಸಿನ ರಸಾಯನ ವಿಜ್ಞಾನಿ ಪಿಯೆರೊ ಬಾಲ್ಯೋನಿಯವರ ತಂಡ ಹಳೆಯ ಭಿತ್ತಿಚಿತ್ರಗಳ ಉದುರುವ ಗಾರೆಯನ್ನು ಗಟ್ಟಿ ಮಾಡಲು ನ್ಯಾನೊ ಸುಣ್ಣ ಬಳಸುತ್ತಾ ಬಂದಿದೆ. ಗೋಡೆಯ ಸೀಳಿನೊಳಗೆ ಇಳಿಯಲು ಅಷ್ಟು ಸಣ್ಣ ಕಣವೇ ಬೇಕು. ಆದರೆ ಅಲ್ಲಿ ಬೇಕಾಗುವುದು ಚಮಚದ ಲೆಕ್ಕದಲ್ಲಿ.

ಹುಳಿಯನ್ನು ಕೊಲ್ಲುವುದು ಬೇರೆ ಬಗೆಯ ಕೆಲಸ. ನೂರು ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ 73 ಗ್ರಾಂ ಹೈಡ್ರೊಕ್ಲೋರಿಕ್ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಕಲ್ಲಿನ ಚೂರಾಗಿದ್ದರೂ ಅಷ್ಟೇ, ನ್ಯಾನೊ ಹುಡಿಯಾಗಿದ್ದರೂ ಅಷ್ಟೇ. ಚೂರಾದರೆ ತಿಂಗಳುಗಟ್ಟಲೆ, ಹುಡಿಯಾದರೆ ಬೇಗ. ಗಾತ್ರ ಕುಗ್ಗಿಸಿದರೆ ವೇಗ ಹೆಚ್ಚುತ್ತದೆ, ಪ್ರಮಾಣ ಉಳಿತಾಯವಾಗುವುದಿಲ್ಲ.

ಅಡಿಕೆಗೆ ಇರುವ ಶಿಫಾರಸು ನೋಡಿ. ಹುಳಿ ಮಣ್ಣಾದರೆ ಮರವೊಂದಕ್ಕೆ ಅರ್ಧ ಕಿಲೊ ಸುಣ್ಣ, ಎರಡು ಮೂರು ವರ್ಷಕ್ಕೊಮ್ಮೆ, ಮಾರ್ಚ್–ಏಪ್ರಿಲ್ ಹೊತ್ತಿಗೆ ಬುಡದ ಸುತ್ತ ಉದುರಿಸಿ ಮಣ್ಣಿಗೆ ಬೆರೆಸಬೇಕು. ಒಂಬತ್ತಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಮರ. ಅಲ್ಲಿಗೆ ಎರಡೂಮುಕ್ಕಾಲು ಕ್ವಿಂಟಲ್ ಆಯಿತು. ಅರ್ಧ ಲೀಟರ್ ಬಾಟಲಿಯಲ್ಲಿ ನೀರೇ ಇಲ್ಲದೆ ಬರೀ ಗಟ್ಟಿ ಸುಣ್ಣಕಲ್ಲನ್ನೇ ಜಡಿದು ತುಂಬಿದರೂ ಅದು ಸಾಲುವುದು ಎರಡು, ಹೆಚ್ಚೆಂದರೆ ಮೂರು ಮರಕ್ಕೆ. ಗೌಡರು ಎಕರೆಗೆ ಇನ್ನೂರು ಬಾಟಲಿ ಒಯ್ಯಬೇಕಾದೀತು. ಅದಕ್ಕಿಂತ ಚೀಲವೇ ವಾಸಿ.

ನ್ಯಾನೊ ಬೆಂಬಲಿಗರು ಇಲ್ಲೊಂದು ಮಾತು ಹೇಳುತ್ತಾರೆ: ಮೇಲೆ ಹಾಕಿದ ಸುಣ್ಣ ಕೆಲವು ಅಂಗುಲದ ಕೆಳಗೆ ಇಳಿಯುವುದಿಲ್ಲ, ಕಿರುಕಣಗಳಾದರೆ ನೀರಿನ ಜೊತೆ ಆಳಕ್ಕೆ ಹೋದಾವು. ಸಮಸ್ಯೆ ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಕಣಗಳು ಮಣ್ಣಿನಲ್ಲಿ ಒಂದಕ್ಕೊಂದು ಅಂಟಿ ಗಂಟುಕಟ್ಟುವುದು, ಕಬ್ಬಿಣದ ಹರಳುಗಳಿಗೆ ಸಿಕ್ಕಿಕೊಳ್ಳುವುದು ಮಾಮೂಲು. ಆಳದ ಅಲ್ಯೂಮಿನಿಯಂಗೆ ಜಿಪ್ಸಂ ಎಂಬ ಅಗ್ಗದ ದಾರಿ ಈಗಾಗಲೇ ಇದೆ. ಅದು ಸುಣ್ಣಕ್ಕಿಂತ ಸುಲಭವಾಗಿ ಕರಗಿ ಕ್ಯಾಲ್ಸಿಯಂ ಅನ್ನು ಕೆಳಪದರಕ್ಕೆ ಒಯ್ಯುತ್ತದೆ.

[ಬಾಕ್ಸ್] ಬಾಟಲಿಗೂ ಚೀಲಕ್ಕೂ ಸಾವಿರ ಪಟ್ಟು

ನ್ಯಾನೊ ಯೂರಿಯಾದ ಕಥೆ ಇಲ್ಲಿ ಪಾಠವಾದೀತು. 2021ರಲ್ಲಿ ಇಫ್ಕೊ ಮಾರುಕಟ್ಟೆಗೆ ತಂದ ಅರ್ಧ ಲೀಟರ್ ಬಾಟಲಿಯಲ್ಲಿ ಶೇ 4ರಷ್ಟು, ಅಂದರೆ ಸುಮಾರು 20 ಗ್ರಾಂ ಸಾರಜನಕ. ಅದು ಭರ್ತಿ ಮಾಡಬೇಕಿದ್ದ 45 ಕಿಲೊ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೊ.

11 ಸಾವಿರ ರೈತರ ಹೊಲಗಳಲ್ಲಿ, 94 ಬೆಳೆಗಳಲ್ಲಿ ಪರೀಕ್ಷಿಸಿದ್ದೇವೆ, ಇಳುವರಿ ಸರಾಸರಿ ಶೇ 8 ಹೆಚ್ಚಿದೆ ಎಂಬುದು ಇಫ್ಕೊ ಹೇಳಿಕೆ. ಲುಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎರಡು ವರ್ಷ ಹೊಲದಲ್ಲಿ ನೋಡಿದಾಗ ಕಂಡದ್ದು ಬೇರೆ. ಯೂರಿಯಾ ಕಡಿತಗೊಳಿಸಿ ನ್ಯಾನೊ ಸಿಂಪಡಿಸಿದ ಕಡೆ ಭತ್ತದ ಇಳುವರಿ ಶೇ 13, ಗೋಧಿಯದು ಶೇ 21.6 ಕುಸಿದಿತ್ತು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳೂ 2023ರಲ್ಲಿ ಈ ಉತ್ಪನ್ನದ ವೈಜ್ಞಾನಿಕ ತಳಹದಿಯನ್ನೇ ಪ್ರಶ್ನಿಸಿದರು.

ಹುಳಿಯಲ್ಲಿ ವಿಷವಾಗುವ ಸತು

ನ್ಯಾನೊ ಕಣಗಳು ಚುರುಕು ಎಂಬುದೇ ಅವುಗಳ ಅಪಾಯವೂ ಹೌದು. ಮಳೆ ತೊಳೆದ ಮಣ್ಣಿನಲ್ಲಿ ಸತುವಿನ ಕೊರತೆ ಸಾಮಾನ್ಯ, ಹಾಗಾಗಿ ನ್ಯಾನೊ ಸತುವಿನ ಆಕ್ಸೈಡ್ ಬಗ್ಗೆ ಆಸಕ್ತಿ ಹೆಚ್ಚು. ಹದವಾದ ಪ್ರಮಾಣದಲ್ಲಿ ಅದು ಪೋಷಕಾಂಶವೇ. ಆದರೆ ಹುಳಿಯಲ್ಲಿ ಸತುವಿನ ಆಕ್ಸೈಡ್ ಬೇಗ ಕರಗುತ್ತದೆ. ಪ್ರಮಾಣ ಹೆಚ್ಚಾದಾಗ ಹುಳಿ ಮಣ್ಣಿನಲ್ಲಿ ಗೋಧಿಯ ಬೇರನ್ನು ಕುಂಠಿತಗೊಳಿಸಿದ್ದು, ಸುಣ್ಣದಂಶವಿದ್ದ ಮಣ್ಣಿನಲ್ಲಿ ಅಷ್ಟೇ ಪ್ರಮಾಣ ತೊಂದರೆ ಕೊಡದಿದ್ದದ್ದು ಪ್ರಯೋಗಗಳಲ್ಲಿ ಕಂಡಿದೆ. ಅಂದರೆ ಮಂಡ್ಯದ ಗದ್ದೆಗೆ ಒಗ್ಗಿದ ಡೋಸ್ ಮೂಡಿಗೆರೆಯ ತೋಟಕ್ಕೆ ಒಗ್ಗಬೇಕೆಂದಿಲ್ಲ. ಬಾಟಲಿಯ ಮೇಲಿನ ಸೂಚನೆ ಮಾತ್ರ ಎರಡೂ ಕಡೆ ಒಂದೇ.

ನ್ಯಾನೊ ಕೃಷಿ ಉತ್ಪನ್ನಗಳನ್ನು ಹೇಗೆ ಮೌಲ್ಯಮಾಪನ ಮಾಡಬೇಕೆಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮರುವರ್ಷ ರಸಗೊಬ್ಬರ ನಿಯಂತ್ರಣ ಆದೇಶದಲ್ಲೂ ನ್ಯಾನೊ ಗೊಬ್ಬರಕ್ಕೆ ಜಾಗ ಸಿಕ್ಕಿತು. ಕಾಗದದ ಮೇಲೆ ವ್ಯವಸ್ಥೆ ಇದೆ. ನನ್ನ ತಕರಾರು ಒಂದೇ: ಹುಳಿ ಮಣ್ಣಿಗೆ ಪ್ರತ್ಯೇಕ ಪರೀಕ್ಷೆ ಕಡ್ಡಾಯವಾಗಬೇಕು.

ಬ್ರೆಜಿಲ್ ಗೆದ್ದದ್ದು ಸುಣ್ಣದಿಂದ

ಹುಳಿ ಮಣ್ಣನ್ನು ದೊಡ್ಡ ಪ್ರಮಾಣದಲ್ಲಿ ಗೆದ್ದ ಉದಾಹರಣೆ ಜಗತ್ತಿನಲ್ಲಿದೆ. ಬ್ರೆಜಿಲಿನ ಸೆರಾಡೊ, ಸುಮಾರು 20 ಕೋಟಿ ಹೆಕ್ಟೇರಿನ ಹುಲ್ಲುಗಾವಲು. ಕೆಂಪು ಮಣ್ಣು, ಹುಳಿ, ಅಲ್ಯೂಮಿನಿಯಂ ಬಾಧೆ, ಎಲ್ಲವೂ ನಮ್ಮಲ್ಲಿರುವಂತೆಯೇ. ಬೇಸಾಯಕ್ಕೆ ಬಾರದ ನೆಲ ಎಂದು ಕೈಬಿಟ್ಟದ್ದು. 1950ರ ದಶಕದಲ್ಲೇ ಅಮೆರಿಕದ ಕಾಲಿನ್ ಮೆಕ್ಲಂಗ್ ಅಲ್ಲಿಗೆ ಬೇಕಿರುವುದು ಸುಣ್ಣ ಮತ್ತು ಪೋಷಕಾಂಶ ಎಂದು ತೋರಿಸಿದರು. 1973ರಲ್ಲಿ ಹುಟ್ಟಿದ ಎಂಬ್ರಾಪಾ ಕೃಷಿ ಸಂಶೋಧನಾ ಸಂಸ್ಥೆಯ ಎಡ್ಸನ್ ಲೊಬಾಟೊ ಮಣ್ಣಿಗೆ ತಕ್ಕ ಪ್ರಮಾಣಗಳನ್ನು ಕಂಡುಕೊಂಡರು. ಕೃಷಿ ಸಚಿವ ಆಲಿಸನ್ ಪಾವೊಲಿನೆಲಿ ಸರ್ಕಾರದ ಹಣ, ಸಾಲ, ನೀತಿಗಳನ್ನು ಅತ್ತ ತಿರುಗಿಸಿದರು. ಮೂವರಿಗೂ 2006ರ ವಿಶ್ವ ಆಹಾರ ಪ್ರಶಸ್ತಿ ಬಂತು. ಬ್ರೆಜಿಲ್ ಸೋಯಾ ಸಾಮ್ರಾಟನಾಯಿತು. ಅಪರೂಪದ ಹುಲ್ಲುಗಾವಲು ಕಾಡು ಅದಕ್ಕೆ ಬಲಿಯಾದದ್ದನ್ನೂ ಮರೆಯುವಂತಿಲ್ಲ.

ನಮ್ಮ ಹಿರಿಯರು ತೋಟಕ್ಕೆ ಮಾಡುತ್ತಿದ್ದ ಆರೈಕೆಯಲ್ಲೂ ಈ ರಸಾಯನ ವಿಜ್ಞಾನವಿತ್ತು. ಸೊಪ್ಪಿನಬೆಟ್ಟದಿಂದ ತಂದ ಸೊಪ್ಪು, ದರಕು ಕೊಳೆಯುವಾಗ ಹುಟ್ಟುವ ಸಾವಯವ ಆಮ್ಲಗಳು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತವೆ, ಗೋಧಿಯ ಬೇರು ಮಾಡಿದ ಉಪಾಯವೇ. ಕರಾವಳಿಯವರು ಮಲ್ಲಿಗೆ, ತರಕಾರಿಗೆ ಹಾಕುವ ಸುಡುಮಣ್ಣಿನಲ್ಲಿ ಬೂದಿಯ ಕ್ಷಾರವಿದೆ. ಸಮುದ್ರದ ಚಿಪ್ಪು ಸುಟ್ಟ ಸುಣ್ಣ ಮನೆಮನೆಯಲ್ಲಿತ್ತು. ಈಗ ಎಲೆ ಅಡಿಕೆಗೆ ತಪ್ಪದೆ ಸುಣ್ಣ ಹಚ್ಚುವವರು ಅಡಿಕೆ ಮರದ ಬುಡಕ್ಕೆ ಹಾಕುವುದನ್ನು ಮಾತ್ರ ಮರೆತಿದ್ದಾರೆ.

ನ್ಯಾನೊ ಸಂಶೋಧನೆ ನಡೆಯಲಿ. ಉಮಿ ಬೂದಿಯಿಂದ ತೆಗೆದ ಸಿಲಿಕಾ ನಮ್ಮ ಕಾಫಿ, ಮೆಣಸು, ಶುಂಠಿಗೆ ಏನು ಮಾಡೀತು ಎಂಬುದನ್ನು ಶಿವಮೊಗ್ಗ, ಬಾಳೆಹೊನ್ನೂರು, ವಿಟ್ಲಗಳ ಸಂಶೋಧಕರು ಇಲ್ಲಿನ ಮಣ್ಣಿನಲ್ಲೇ, ಇಲ್ಲಿನ ಮಳೆಯಲ್ಲೇ ಪರೀಕ್ಷಿಸಿದರೆ ರೈತರಿಗೆ ನಿಜವಾದ ಉಪಕಾರ. ಅದು ಸುಣ್ಣದ ಜೊತೆಗೆ ಬರುವ ನೆರವಾದೀತು. ಸುಣ್ಣದ ಜಾಗಕ್ಕೆ ಬರಲಾರದು.

ಬಾಟಲಿ ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ದರಕು ಸರಿಸಿ, ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೋಡಿ, ತೋಟದ ಹತ್ತಾರು ಕಡೆಯ ಮಣ್ಣು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೊ ಒಯ್ಯಿರಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತುಂಬಬೇಡಿ, ಫಲಿತಾಂಶ ಕೆಡುತ್ತದೆ. ಬ್ರಹ್ಮಾವರ, ಶಿರಸಿ, ಮೂಡಿಗೆರೆ, ಗೋಣಿಕೊಪ್ಪ, ಶಿವಮೊಗ್ಗ, ಎಲ್ಲ ಕಡೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ರಸಸಾರದ ಅಂಕಿಯೊಂದಕ್ಕೇ ತೃಪ್ತರಾಗದೆ ‘ಎಕರೆಗೆ ಎಷ್ಟು ಸುಣ್ಣ ಬೇಕು’ ಎಂಬ ಅಂಕಿಯನ್ನೂ ಕೇಳಿ ಪಡೆಯಿರಿ. ಹೆಚ್ಚು ಹಾಕಿದರೆ ಸತು, ಬೋರಾನ್ ಗಿಡಕ್ಕೆ ಸಿಗದಂತಾಗುತ್ತವೆ. ಸುಣ್ಣ ಹಾಕಿದ ಎರಡು ಮೂರು ವಾರದ ನಂತರವೇ ಗೊಬ್ಬರ ಕೊಡಿ. ಎರಡನ್ನೂ ಒಟ್ಟಿಗೆ ಬೆರೆಸಿದರೆ ಯೂರಿಯಾದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ.